ವಗ್ದಿಗೆ ಬೇಕಾದ ಹೊಟ್ಟೆ

ಚೂರಿಯ ತುದಿ ನನ್ನ ಕುತ್ತಿಗೆಗೆ ತಾಗಿತ್ತು.

ಅಲೆಕ್ಸಾಂಡ್ರಿಯಾ. ಅನ್ಫೂಷಿ ಬಡಾವಣೆಯ ದೋಣಿ ಕಟ್ಟುವ ಅಂಗಳ. ಬೆನ್ನಿಗೆ ಅರ್ಧ ಕಟ್ಟಿದ ದೋಣಿ, ಎದುರಿಗೆ ಮೂವರು. ಮೀನು ಮಾರುಕಟ್ಟೆಯಿಂದಲೇ ಅಟ್ಟಿಸಿಕೊಂಡು ಬಂದಿದ್ದರು. ಒಬ್ಬನ ಮೂಗು ಆಗಲೇ ಮುರಿದಿದ್ದೆ. ಇನ್ನೊಬ್ಬ ಸುತ್ತಿಗೆ ಎತ್ತಿದ.

"ಹೊಟ್ಟೆಗೆ ಹೊಡೀಬೇಡ್ರೋ!" ಅವರ ಹಿಂದಿನಿಂದ ಕೂಗು. "ಬೇಕಾದ್ರೆ ತಲೆ ಒಡೀರಿ... ಹೊಟ್ಟೆಗೆ ಮಾತ್ರ ಏನೂ ಆಗ್ಬಾರ್ದು!"

ಓಡಿಹೋದವರನ್ನು ಹುಡುಕಿ, ಕೆಟ್ಟ ವ್ಯವಹಾರ ಸರಿಮಾಡಿ ಬದುಕುವವನು ನಾನು. ಇಷ್ಟು ಕಾಳಜಿಯ ರೌಡಿಗಳನ್ನು ಎಂದೂ ಕಂಡಿರಲಿಲ್ಲ!

ಕೂಗಿದವನು ಹೈಸಮ್. ಔಷಧಿ ಅಂಗಡಿಯ ವಗ್ದಿಯ ಮಗ.

ಆ ವಗ್ದಿಯೇ ನನ್ನ ತಂಗಿ ಸಫಿನಾಜಳನ್ನು ಕೊಂದದ್ದು.

ನಮ್ಮ ಬೀದಿಯಲ್ಲಿ ಸೀನು ಬಂದರೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ವಗ್ದಿಯ ಕೌಂಟರಿಗೆ ಹೋಗಿ "ನೆಗಡಿ ಇಂಜೆಕ್ಷನ್" ಎಂದರೆ ಸಾಕು. ಪರದೆಯ ಹಿಂದೆ ಹೋಗು, ಚುಚ್ಚಿಸಿಕೊ, ನಡಿ. ಅದರಲ್ಲಿ ಆಂಟಿಬಯಾಟಿಕ್ ಇದೆ ಎಂದು ಅವನು ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಸಫಿನಾಜ್ ಇಡೀ ಚಳಿಗಾಲ ಚುಚ್ಚಿಸಿಕೊಂಡಳು. ಅವಳ ಕರುಳನ್ನು ಕಾಯುತ್ತಿದ್ದ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತವು. ಖಾಲಿ ಬಿದ್ದ ಜಾಗದಲ್ಲಿ ಕೆಟ್ಟದ್ದೊಂದು ಬೆಳೆಯಿತು. ಭೇದಿ... ರಕ್ತ... ಡಾಕ್ಟರ್ ನೆರ್ಮೀನ್ ಉಳಿದ ಒಂದೇ ದಾರಿ ಹೇಳಿದರು. ಆರೋಗ್ಯವಂತನೊಬ್ಬನ ಮಲದಲ್ಲಿರುವ ಜೀವಿಗಳನ್ನು ಅವಳ ಕರುಳಿಗೆ ಸೇರಿಸಬೇಕು. ನನ್ನನ್ನು ಪರೀಕ್ಷಿಸಿ, ಆಗಬಹುದು ಎಂದರು.

ವಗ್ದಿ ನಕ್ಕಿದ್ದ. "ಥೂ, ಅಣ್ಣನ ಹೊಲಸು ಒಳಗೆ ಹಾಕಿಸ್ಕೋತೀಯಾ ಮಗಳೇ? ನನ್ನ ಹತ್ರ ಜೀವಂತ ಬ್ಯಾಕ್ಟೀರಿಯಾದ ಕ್ಯಾಪ್ಸೂಲೇ ಇದೆ."

ನಾಚಿಕೆಗೆ ಅವಳು ಅದನ್ನೇ ನುಂಗಿದಳು. ಲ್ಯಾಬಿಗೆ ಕೊಟ್ಟು ನೋಡಿಸಿದೆ. ಸೀಮೆಸುಣ್ಣದ ಪುಡಿ!

ಅಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು.

"ನಿನಗೇನೋ ಬೇಕು?" ಹೈಸಮನನ್ನು ಕೇಳಿದೆ.

ಅವನು ತನ್ನ ಬೂಟು ನೋಡಿಕೊಂಡ. "ಉಸ್ತಾದ್... ಅಪ್ಪನಿಗೂ ಅದೇ ಇಂಜೆಕ್ಷನ್, ಅದೇ ಕಾಯಿಲೆ. ನಿಮ್ಮ... ನಿಮ್ಮದು..."

"ಬಾಯಿ ಬಿಟ್ಟು ಹೇಳು!"

"ನಿಮ್ಮ ಹೇಲು ಬೇಕು!"

ಮೂಗು ಮುರಿದವನೂ ನಕ್ಕುಬಿಟ್ಟ.

ನನ್ನನ್ನು ವಗ್ದಿಯ ಬಳಿಗೆ ಕರೆದೊಯ್ದರು. ಔಷಧಿ ಅಂಗಡಿಯ ಮೇಲೆಯೇ ಮನೆ. ಹಾಸಿಗೆಯಲ್ಲಿ ವಗ್ದಿ, ಬರೀ ಮೂಳೆ. ಪಕ್ಕದಲ್ಲಿ ಡಾಕ್ಟರ್ ನೆರ್ಮೀನ್.

"ನಾನೇ ಯಾಕೆ?"

"ಮಕ್ಕಳು, ಅಳಿಯಂದಿರು, ಆಳುಗಳು, ಎಲ್ರನ್ನೂ ಕೇಳಿದೆ," ಎಂದರು ಅವರು. "ಒಬ್ಬರೂ ಬಿಡದೆ ಕೆಳಗಿನ ಅಂಗಡಿ ಇಂಜೆಕ್ಷನ್ ತಗೊಂಡಿದ್ದಾರೆ. ಈಚೆಗೆ ಆಂಟಿಬಯಾಟಿಕ್ ತಗೊಂಡೋರದ್ದು ನಾನು ಮುಟ್ಟಲ್ಲ. ನೀವು ತಂಗಿ ಹೋದ್ಮೇಲೆ ಸೂಜಿ ಹತ್ರಾನೂ ಸುಳಿದಿಲ್ಲ. ಬೇರೆ ಯಾರನ್ನೋ ಹುಡುಕೋವರೆಗೆ ಇವರು ಉಳಿಯಲ್ಲ. ಆದ್ರೆ ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

"ಏನು ಬೇಕಾದ್ರೂ ಕೇಳು ಮಗನೇ..." ವಗ್ದಿಯ ದನಿ ಬತ್ತಿತ್ತು.

"ಕ್ಯಾಪ್ಸೂಲಲ್ಲಿ ಏನಿತ್ತು?"

ಕೆಳಗೆ ಟ್ರಾಮು ಹಾದುಹೋಯಿತು.

"ಸೀಮೆಸುಣ್ಣ."

"ಗೊತ್ತಿದ್ದೂ ಕೊಟ್ರಾ?"

"ಗೊತ್ತಿತ್ತು."

"ಅವಳು ಸಾಯ್ತಾಳೆ ಅಂತ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ನೆರ್ಮೀನ್ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು.

"ಗಾಳಿಗೆ ಹೋಗಿ ಬರ್ತೀನಿ," ಎಂದೆ.

ಕೆಳಗಿಳಿದೆ. ಹೈಸಮನ ಆಳುಗಳು ಬೀದಿ ಬಾಗಿಲು ಕಾಯುತ್ತಿದ್ದರು. ನಾನು ಬೀದಿಗೆ ಹೋಗಲಿಲ್ಲ. ಒಳಗಿನ ಬಾಗಿಲಿಂದ ಅಂಗಡಿಗೆ ನುಗ್ಗಿದೆ. ಕೌಂಟರಿನವನು ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದ.

ಮೂಗು ಒರೆಸಿಕೊಂಡೆ. "ನೆಗಡಿ ಕಣಯ್ಯಾ."

"ಪರದೆ ಹಿಂದೆ ಬನ್ನಿ," ಎಂದ. ಕಣ್ಣು ಫೋನಿನ ಮೇಲೇ ಇತ್ತು!

ಸೊಂಟ ಉಜ್ಜಿಕೊಳ್ಳುತ್ತ ಮೇಲೆ ಬಂದೆ. ಖಾಲಿ ಡಬ್ಬಿಯನ್ನು ನೆರ್ಮೀನ್ ಕೈಗಿಟ್ಟೆ. "ಕ್ಷಮಿಸಿ ಡಾಕ್ಟರ್. ಈಗಷ್ಟೇ ಇಂಜೆಕ್ಷನ್ ತಗೊಂಡೆ."

ವಗ್ದಿ ಎದ್ದು ಕೂರಲು ಒದ್ದಾಡಿದ. "ಯಾವನೋ... ಯಾವನೋ ಅದನ್ನ ಕೊಟ್ಟೋನು?"

"ನಿಮ್ಮ ಅಂಗಡಿಯೋನೇ ಸಾಹೇಬ್ರೆ. ಡಾಕ್ಟರ್ ಚೀಟಿ ಕೇಳ್ಲಿಲ್ಲ, ಮುಖಾನೂ ನೋಡ್ಲಿಲ್ಲ... ಚೆನ್ನಾಗಿ ಪಳಗಿಸಿದ್ದೀರಿ!"