ಇನ್ನೊಂದು ಸಲ ಹೇಳು

"ಎಲ್ಲಿ ಸತ್ತನೋ ಈ ಮೆಕ್ಯಾನಿಕ್ಕು!"

ಅವಳು ಕೂಗಿರಲಿಲ್ಲ. ತುಟಿಯಲ್ಲೇ ಗೊಣಗಿದ್ದಳು. ಕೂಗಿದ್ದರೂ ಕೇಳುವವರು ಯಾರು? ಆ ಹೊಲಿಗೆ ಫ್ಯಾಕ್ಟರಿಯಲ್ಲಿ ಸಾಲು ಸಾಲು ಮೆಷಿನ್‌ಗಳು ಒಟ್ಟಿಗೆ ಓಡುವಾಗ ಪಕ್ಕದವಳು ಸೀನಿದರೂ ಕೇಳುತ್ತಿರಲಿಲ್ಲ. ಅವಳ ಮೆಷಿನ್ ಮಾತ್ರ ಬೆಳಿಗ್ಗೆಯಿಂದ ಮುಷ್ಕರ ಹೂಡಿತ್ತು. ಸೂಜಿ ಮುರಿದು, ದಾರ ಗಂಟಾಗಿ, ಹೊಲಿಯದ ಕಾಲರ್‌ಗಳು ಪಕ್ಕದಲ್ಲಿ ಗುಡ್ಡೆಯಾಗಿದ್ದವು.

ದೂರದಲ್ಲಿ ಏಣಿ ಹತ್ತಿ ಫ್ಯಾನು ಸರಿಮಾಡುತ್ತಿದ್ದ ಒಬ್ಬ ಸರಸರನೆ ಇಳಿದ. ಎಣ್ಣೆಡಬ್ಬಿ ಹಿಡಿದು, ಸಾಲುಗಳ ನಡುವೆ ನಡೆದು, ನೇರ ಅವಳ ಮುಂದೆ ಬಂದು ನಿಂತ.

"ಸತ್ತಿಲ್ಲ. ಏಣಿ ಮೇಲಿದ್ದೆ."

ಅಷ್ಟು ದೂರಕ್ಕೆ ಹೇಗೆ ಕೇಳಿಸಿತು ಇವನಿಗೆ?

ಪಕ್ಕದಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿವಿಯ ಹತ್ತಿರ ಬಾಯಿಟ್ಟು, "ಅವನಿಗೆ ಕಿವಿ ಕೇಳಲ್ಲ ಕಣೇ! ತುಟಿ ಓದ್ತಾನೆ. ಈ ಫ್ಯಾಕ್ಟ್ರಿಲಿ ಯಾರನ್ನ ಬೈದ್ರೂ ಮೊದಲು ಗೊತ್ತಾಗೋದು ಆ ಎಣ್ಣೆಡಬ್ಬಿಗೇ!" ಎಂದಳು.

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೋಗುವಾಗ ಅವನ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಅಷ್ಟರಲ್ಲಿ ಮಾತು ಕಲಿತಾಗಿದ್ದರಿಂದ ಮಾತು ಉಳಿದಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಮೆಷಿನ್ ಮೇಲೆ ಅಂಗೈ ಇಟ್ಟು, ಅದರ ನಡುಕದಲ್ಲೇ ರೋಗ ಹಿಡಿಯುತ್ತಿದ್ದ.

ಅಲ್ಲಿ ಎಲ್ಲರಿಗೂ ಕೆಲಸದ ಹೆಸರೇ. ಕಾಜಾ ಹೊಲಿಯುವವಳು ಕಾಜಾ ಅಕ್ಕ. ಮೆಕ್ಯಾನಿಕ್ಕು ಎಣ್ಣೆಡಬ್ಬಿ. ಹೊಸದಾಗಿ ಸೇರಿದ ಇವಳು ಕಾಲರ್.

"ಏನ್ರೀ ಕಾಲರ್, ಇನ್ನೊಂದು ಸಲ ಹೇಳಿ. ಎಲ್ಲಿ ಸತ್ತನೋ ಅಂದ್ರಲ್ಲ, ಅದರ ಮುಂದಿನದು ಸರಿಯಾಗಿ ಕಾಣಿಸ್ಲಿಲ್ಲ."

ಅವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಅವನು ಮೇಜಿನ ಮೇಲೆ ಬೆರಳಿನಿಂದ ತಟ್ಟಿದ. "ತಲೆ ತಗ್ಗಿಸಿದ್ರೆ ನನಗೆ ಮಾತು ಕಾಣಲ್ಲ. ಬೈಯೋದಾದ್ರೂ ಮುಖ ನೋಡಿ ಬೈರಿ!"

ಹೀಗೆ ಶುರುವಾಯಿತು.

ಬೇರೆಯವರು ಊಟದ ಬಿಡುವಿಗೆ ಕಾದು ಮಾತಾಡಬೇಕಿತ್ತು. ಇವರಿಗೆ ಆ ತೊಂದರೆಯೇ ಇಲ್ಲ. ಅವಳು ತನ್ನ ಜಾಗದಿಂದ ತುಟಿ ಆಡಿಸಿದರೆ ಸಾಕು, ಅವನು ಎಲ್ಲಿದ್ದರೂ ಹಿಡಿಯುತ್ತಿದ್ದ. ಮಾತು ತಪ್ಪಿದರೆ ಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿಸುತ್ತಿದ್ದ. 'ಇನ್ನೊಂದು ಸಲ ಹೇಳು' ಎಂದು ಅದರ ಅರ್ಥ. ಯಾವಾಗ 'ಹೇಳಿ' ಹೋಗಿ 'ಹೇಳು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅವನ ದೂರು ಒಂದೇ. ಅವಳು ಕೆಲಸದ ಭರದಲ್ಲಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳು.

"ಸೂಜಿ ತೆಗೆದು ಮಾತಾಡು ಮಾರಾಯ್ತಿ! ನಿನ್ನ ಅರ್ಧ ಮಾತು ಅದೇ ನುಂಗುತ್ತೆ."

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅವನು ಕೇಳಿಯೇಬಿಟ್ಟ. "ಅಮ್ಮ ನಿನ್ನ ನೋಡ್ಬೇಕಂತೆ. ಬರೀ ನೋಡೋಕಲ್ಲ... ನಮ್ಮನೆಗೇ ಬಂದುಬಿಡ್ತೀಯಾ?"

ಅವಳ ಮುಖ ಕೆಂಪಾಯಿತು. "ಯೋಚ್ನೆ ಮಾಡಿ ಹೇಳ್ತೀನಿ."

ಯೋಚನೆ ಎಂಥದ್ದು, ಮಣ್ಣು! ಮನಸ್ಸು ಯಾವಾಗಲೋ ಹೂಂ ಅಂದಾಗಿತ್ತು. ಸ್ವಲ್ಪ ಕಾಯಿಸೋಣ ಎನ್ನುವ ಬಿಂಕ, ಅಷ್ಟೇ. ಆ ಬಿಂಕವೇ ಮುಳುವಾಯಿತು.

ಅವಳ ನಾಲಿಗೆಯ ಎಡಬದಿಗೆ ಒಂದು ಹುಣ್ಣಿತ್ತು. ಉಷ್ಣಕ್ಕೆ ಆಗಿದೆ ಎಂದು ಅಮ್ಮ ಜೇನುತುಪ್ಪ ಹಚ್ಚಿದ್ದರು. ಮೆಡಿಕಲ್ ಶಾಪಿನವನು ಮಾತ್ರೆ ಕೊಟ್ಟಿದ್ದ. ಅದು ಯಾವುದಕ್ಕೂ ಬಗ್ಗಲಿಲ್ಲ. ಊಟ ಮಾಡಿದರೆ ಕಿವಿಯವರೆಗೆ ಉರಿ ಏರುತ್ತಿತ್ತು. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದರು. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು.

"ಹೊಗೆಸೊಪ್ಪು ಹಾಕ್ತೀಯೇನಮ್ಮ?" ಕಿರಿಯ ಡಾಕ್ಟರು ಕೇಳಿದರು.

"ಇಲ್ಲ."

"ಸಿಗರೇಟು?"

"ಇಲ್ಲ ಡಾಕ್ಟ್ರೇ."

"ಏನಾದ್ರೂ ಜಗಿಯೋ ಅಭ್ಯಾಸ? ನಿಜ ಹೇಳಮ್ಮ, ನಾನೇನೂ ಬೈಯಲ್ಲ."

ನಿಜವನ್ನು ಎಷ್ಟು ಸಲ ಹೇಳಿದರೆ ನಿಜವಾಗುತ್ತದೆ? ಅವಳಿಗೆ ತಿಳಿಯಲಿಲ್ಲ.

ರಿಪೋರ್ಟು ಬಂದ ದಿನ ಹಿರಿಯ ಡಾಕ್ಟರು ಎದುರು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. ಕ್ಯಾನ್ಸರ್. ನಾಲಿಗೆಯ ಒಂದು ಭಾಗ ತೆಗೆಯಬೇಕು.

"ನಾನು ಏನೂ ಮಾಡ್ಲಿಲ್ವಲ್ಲ..."

"ಏನೂ ಮಾಡದವರಿಗೂ ಬರುತ್ತಮ್ಮ. ಯಾಕೆ ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ."

ಅಮ್ಮ ಆ ಮಾತನ್ನು ಕೇಳಿದರು. ಆದರೆ ಮನೆಗೆ ಬಂದ ಮೇಲೆ ಬಾಗಿಲು ಹಾಕಿ, ಮಗಳ ಎರಡೂ ಕೈ ಹಿಡಿದುಕೊಂಡರು.

"ನನ್ನಾಣೆ ಮಾಡಿ ಹೇಳು. ಫ್ಯಾಕ್ಟ್ರಿಲಿ ಯಾರಾದ್ರೂ ಕಲಿಸಿದ್ರಾ? ಕದ್ದು ಏನಾದ್ರೂ ಹಾಕ್ಕೋತಿದ್ಯಾ?"

"ಅಮ್ಮಾ... ನೀನೂನಾ?"

ಊರ ಬಾಯಿಗೆ ಮುಚ್ಚಳವಿಲ್ಲ ಎನ್ನುತ್ತಾರೆ. ಹೆತ್ತವಳೇ ಹಾಗೆ ಕೇಳಿದರೆ ಮಗಳು ಯಾರ ಹತ್ತಿರ ಹೋಗಬೇಕು?

ಆಪರೇಷನ್‌ಗೆ ಇನ್ನೂ ಕೆಲವು ದಿನ ಇದ್ದವು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಕೆಲಸಕ್ಕೆ ಹೋದಳು. ಹುಣ್ಣಿನ ವಾಸನೆ ಮೊದಲು ಅವಳಿಗೇ ಬಂದಿತ್ತು. ಬಾಯಿಗೆ ಅಡ್ಡವಾಗಿ ಕರ್ಚೀಫು ಕಟ್ಟಿಕೊಂಡಳು. ಬಟ್ಟೆಯ ಧೂಳು ಮೂಗಿಗೆ ಹೋಗದಿರಲೆಂದು ಅಲ್ಲಿ ಎಷ್ಟೋ ಜನ ಕಟ್ಟಿಕೊಳ್ಳುತ್ತಿದ್ದರು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಕೇಳಿದವನು ಅವನೊಬ್ಬನೇ.

"ಬಟ್ಟೆ ತೆಗಿ. ಏನೂ ಕಾಣ್ತಿಲ್ಲ."

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ದೂರದಿಂದ ಬೆರಳು ಸುತ್ತಿಸಿ ಸುತ್ತಿಸಿ ಅವನು ಸೋತ. ಅವಳ ಕೆಲಸದ ಕೊನೆಯ ದಿನ ಮೇಜಿನ ಮುಂದೆ ಬಂದು ನಿಂತ.

"ನನ್ನ ಜೊತೆ ಮಾತು ಸಾಕಾಯ್ತಾ?"

'ಇಲ್ಲ' ಎನ್ನಲು ಬಟ್ಟೆಯೊಳಗೆ ತುಟಿ ಬಿಚ್ಚಿದಳು. 'ಬಟ್ಟೆ ತೆಗೆದು ಒಂದು ಮಾತಾಡಿದರೆ ಇವನಿಗೆ ಎಲ್ಲಾ ಗೊತ್ತಾಗುತ್ತೆ. ಆಸ್ಪತ್ರೆ ಬಾಗಿಲಲ್ಲಿ ಬಂದು ಕೂರ್ತಾನೆ. ದೇವರು ಕಿವಿ ಕಿತ್ತುಕೊಂಡದ್ದು ಸಾಲದಾ? ಉಳಿದ ಕಣ್ಣಲ್ಲಿ ನಾನು ಕೊಳೆಯೋದನ್ನ ನೋಡ್ಬೇಕಾ?'

ಅವಳು ಹೌದೆಂದು ತಲೆಯಾಡಿಸಿದಳು.

"ಅವತ್ತು ಮೆಟ್ಟಿಲ ಮೇಲೆ ಕೇಳಿದ್ನಲ್ಲ... ಅದಕ್ಕೂ ಇದೇ ಉತ್ತರಾನಾ?"

ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ತಲೆಯಾಡಿಸಿದಳು.

ಅವನು ಸಿಟ್ಟಾಗಲಿಲ್ಲ. ಅವಳ ಮೆಷಿನ್‌ಗೆ ಎರಡು ಹನಿ ಎಣ್ಣೆ ಬಿಟ್ಟು, ಚಕ್ರ ಒರೆಸಿ, ಹೊರಟುಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

ಅವಳು ಬೇರೆ ಊರಲ್ಲಿ ಕೆಲಸಕ್ಕೆ ಸೇರಿದಳೆಂದು ಮನೆಯವರು ಫ್ಯಾಕ್ಟರಿಗೆ ಹೇಳಿಬಿಟ್ಟರು. ನಿಜ ಗೊತ್ತಿದ್ದದ್ದು ಕಾಜಾ ಅಕ್ಕನಿಗೆ ಮಾತ್ರ. ಬಾಯಿ ಬಿಡಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದಾಗಿತ್ತು.

ಆಪರೇಷನ್‌ನಲ್ಲಿ ಕುತ್ತಿಗೆ ಕೊಯ್ದರು. ನಾಲಿಗೆಯ ಎಡಭಾಗ ತೆಗೆದರು. ಮುಂಗೈಯಿಂದ ಚರ್ಮ ಎತ್ತಿ ಅಲ್ಲಿಗೆ ಹೊಲಿದರು. ಎಚ್ಚರವಾದಾಗ ಬಾಯೊಳಗೆ ಯಾರದೋ ನಾಲಿಗೆ ಇಟ್ಟಂತಿತ್ತು. 'ತೇಪೆ' ಎಂದುಕೊಂಡಳು. ಎಷ್ಟು ಅಂಗಿಗಳಿಗೆ ಹಾಕಿದ್ದಳು! ತೇಪೆ ಹಾಕಿದ ಜಾಗ ಎಂದೂ ಮೊದಲಿನಂತಾಗುವುದಿಲ್ಲ, ಅದು ಅವಳಿಗೆ ಗೊತ್ತಿತ್ತು.

ಮೊದಲ ಸಲ ಬಾಯಿ ತೆರೆದು ಕೇಳಿದ್ದು ನೀರು.

"ಏನಮ್ಮ?" ಎಂದರು ಅಮ್ಮ.

ಮತ್ತೆ ಹೇಳಿದಳು.

"ಹಾಂ? ಏನಂದೆ?" ಎಂದ ಮಂಚದ ಪಕ್ಕ ನಿಂತಿದ್ದ ಅವಳ ಅಣ್ಣ. "ನೋವಾ? ನರ್ಸನ್ನ ಕರೀಲಾ?"

ಆಮೇಲೆ ರೇಡಿಯೇಷನ್. ಬಾಯೆಲ್ಲ ಬೆಂದು, ಎಂಜಲು ಒಣಗಿ, ತಿಳಿಗಂಜಿಯೂ ಮುಳ್ಳಿನಂತೆ ಇಳಿಯಿತು. ಮಾತು ಕಲಿಸುವ ಟೀಚರ್ ಹೇಳಿದಂತೆ ಕನ್ನಡಿ ಮುಂದೆ ಕೂತು ಅಭ್ಯಾಸ ಮಾಡಿದಳು. ಒಂದು ದಿನ ಅಣ್ಣನ ಜೊತೆ ಅಂಗಡಿಗೆ ಹೋಗಿ ಸೋಪು ಕೇಳಿದರೆ, ಅಂಗಡಿಯವನು ಅವಳನ್ನು ಬಿಟ್ಟು ಅಣ್ಣನ ಮುಖ ನೋಡಿ, "ಏನಂತೆ ಇವರಿಗೆ?" ಎಂದ.

ಅಂದಿನಿಂದ ಅವಳು ಮಾತು ಬಿಟ್ಟಳು. ಕರ್ಚೀಫು ಮನೆಯೊಳಗೂ ಬಂತು. ಹಾಂ? ಏನು? ಏನಂದೆ?... ಆ ಪ್ರಶ್ನೆಗಿಂತ ಮೌನವೇ ಮೇಲು.

ಕಾಜಾ ಅಕ್ಕ ನೋಡಲು ಬಂದಾಗ ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರು. "ಮನೆ ಮೆಷಿನ್ನಾದ್ರೂ ತುಳಿದ್ರೆ ಮನಸ್ಸು ಹಗುರ ಆಗ್ತಿತ್ತೇನೋ. ಅದೂ ತುಕ್ಕು ಹಿಡಿದು ಕೂತಿದೆ, ಇವಳ ಹಾಗೇ."

"ಅದಕ್ಕೇನು ಚಿಕ್ಕಮ್ಮ, ಮೆಕ್ಯಾನಿಕ್ ಕಳಿಸ್ತೀನಿ ಬಿಡಿ."

ಬಾಗಿಲಾಚೆ ಕೂತಿದ್ದ ಅವಳು ಗಾಬರಿಯಿಂದ ತಲೆಯೆತ್ತಿದಳು.

"ಹಂಗೆ ನೋಡ್ಬೇಡ ಕಣೇ! ಬಾಯಿ ಬಿಡಲ್ಲ ಅಂದಿದ್ದೆ, ಬಿಟ್ಟಿಲ್ಲ. ಮೆಷಿನ್ ಕೆಟ್ಟಿದೆ, ಈ ಮನೆಗೆ ಹೋಗು ಅಂತೀನಿ. ಅದರಲ್ಲಿ ಸುಳ್ಳೇನಿದೆ?"

ಅವನು ಬಂದದ್ದು ಭಾನುವಾರ. ಅಮ್ಮ ಬಾಗಿಲು ತೆರೆದು ಒಳಗೆ ತೋರಿಸಿದರು. ಕಿಟಕಿಯ ಪಕ್ಕ ಮೆಷಿನ್. ಮೆಷಿನ್ನಿನ ಹಿಂದೆ ಅವಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

ಅವನ ಕೈಯ ಎಣ್ಣೆಡಬ್ಬಿ ಅಲ್ಲೇ ನಿಂತಿತು. ಕಿವಿಯ ಕೆಳಗಿನಿಂದ ಗಂಟಲವರೆಗೆ ಎಳೆದ ಗಾಯದ ಗೆರೆ ನೋಡಿದ. ಮುಂಗೈಯ ಕಲೆ ನೋಡಿದ. ಬಹಳ ಹೊತ್ತು ನೋಡಿದ.

"ಅವತ್ತು ಬಟ್ಟೆ ಕಟ್ಕೊಂಡಿದ್ದು... ಇದಕ್ಕಾ?"

ಅವಳು ತಲೆಯಾಡಿಸಿದಳು.

"ಮತ್ತೆ ತಲೆ ಆಡಿಸ್ತೀಯಾ! ಆ ತಲೆ ನಂಬಿ ನಾನು ಇಷ್ಟು ದಿನ ಸತ್ತಿದ್ದು ಸಾಲದಾ?" ಅವನ ದನಿ ಏರಿತು. ಎಷ್ಟು ಏರಿತೆಂದು ಅವನಿಗೇ ಗೊತ್ತಾಗುವಂತಿರಲಿಲ್ಲ. "ನಾನು ಕಿವುಡ ಕಣೇ. ನನ್ನ ಮುಂದೆ ಬಾಯಿ ಮುಚ್ಚೋದು ಅಂದ್ರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಅಷ್ಟೂ ಗೊತ್ತಾಗ್ಲಿಲ್ವಾ ನಿನಗೆ?"

ಅವಳ ಕಣ್ಣು ತುಂಬಿದವು. ಬಟ್ಟೆಯ ಗಂಟು ಬಿಚ್ಚಿದಳು. ಎಡತುಟಿ ಸ್ವಲ್ಪ ಕೆಳಗೆ ಜಾರಿತ್ತು.

"ನನ್ನ ಮಾತು... ಯಾರಿಗೂ ತಿಳಿಯಲ್ಲ. ಕ್ಯಾನ್ಸರ್. ಅರ್ಧ ನಾಲಿಗೆನೇ ಇಲ್ಲ" ಎಂದಳು. ಬಾಗಿಲ ಬಳಿ ನಿಂತಿದ್ದ ಅಮ್ಮನಿಗೆ ಕೇಳಿದ್ದು ಬರೀ ತೊದಲು.

ಅವನು ಮಾತ್ರ ಕಣ್ಣು ಕಿರಿದು ಮಾಡಿ ಓದಿದ. "ನಿನ್ನ ನಾಲಿಗೆ ನನಗೆ ಯಾವತ್ತು ಕಂಡಿತ್ತು? ನಾನು ನೋಡ್ತಿದ್ದದ್ದು ತುಟಿ. ಎಡಗಡೇದು ಸ್ವಲ್ಪ ಸೋಮಾರಿ ಆಗಿದೆ, ಅಷ್ಟೇ. ಕಲೀತೀನಿ."

ಅವಳು ಕಾಯುತ್ತಿದ್ದಳು. ಎಲ್ಲರೂ ಕೇಳಿದ್ದನ್ನು ಇವನೂ ಕೇಳುತ್ತಾನೆಂದು ಕಾದಳು. ಅವನು ಮೆಷಿನ್ನಿನ ಪಕ್ಕ ಕೂತು ತಿರುಪು ಬಿಚ್ಚತೊಡಗಿದ. ಕೊನೆಗೆ ಅವಳೇ ಮೇಜು ತಟ್ಟಿದಳು.

"ನೀನು ಕೇಳಲ್ವಾ?"

"ಏನನ್ನ?"

"ಏನು ಹಾಕ್ಕೋತಿದ್ದೆ ಅಂತ."

ಅವನು ತಿರುಪು ಕೆಳಗಿಟ್ಟ.

"ಬೆಳಿಗ್ಗೆಯಿಂದ ಸಂಜೆವರೆಗೂ ನಿನ್ನ ಬಾಯಿ ನೋಡೋದೇ ನನ್ನ ಕೆಲಸ ಆಗಿತ್ತು. ನಿನ್ನ ಬಾಯೊಳಗೆ ಏನು ಹೋಗ್ತಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಂಡುಸೂಜಿ ಬಿಟ್ರೆ ಬೇರೇನೂ ಇಟ್ಕೊಂಡವಳಲ್ಲ ನೀನು."

ಬಾಗಿಲಲ್ಲಿ ಅಮ್ಮ ಗೋಡೆ ಹಿಡಿದು ಕುಸಿದು ಕೂತರು. ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಮಗಳು ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಯಾರೂ ಯಾರನ್ನೂ ಕ್ಷಮಿಸು ಎನ್ನಲಿಲ್ಲ. ಅಮ್ಮ ಮಗಳ ಮುಂಗೈಯ ಕಲೆಯನ್ನು ಸವರುತ್ತಲೇ ಇದ್ದರು.

ಮೆಷಿನ್ ಓಡುವ ಹೊತ್ತಿಗೆ ಕಿಟಕಿಯ ಬಿಸಿಲು ಇಳಿದಿತ್ತು. ಅವನು ಅದರ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಅವಳ ಕೈ ಹಿಡಿದು ಅಲ್ಲೇ ಇಟ್ಟ. ನಡುಕ ಸಮವಾಗಿತ್ತು.

"ಕಾಯಿಲೆ ಮತ್ತೆ ಬರಬಹುದು ಅಂದಿದಾರೆ" ಎಂದಳು ಅವಳು. "ಗ್ಯಾರಂಟಿ ಇಲ್ಲ."

"ಬರೋದೇ ಆದ್ರೆ ನಿನ್ನೊಬ್ಬಳ ಹತ್ರ ಬರೋದು ಬೇಡ. ನಮ್ಮಿಬ್ಬರ ಮನೆಗೆ ಬರ್ಲಿ."

ಅವನು ಎಣ್ಣೆಡಬ್ಬಿಯ ಮುಚ್ಚಳ ಹಾಕಿ ಅವಳತ್ತ ತಿರುಗಿದ.

"ಮೆಟ್ಟಿಲ ಮೇಲೆ ಕೇಳಿದ್ದಕ್ಕೆ ಇನ್ನೂ ಬಾಯಿಬಿಟ್ಟು ಉತ್ತರ ಹೇಳಿಲ್ಲ ನೀನು" ಎಂದ ಅವನು.

ಅವಳು ಕಷ್ಟಪಟ್ಟು, ಒಂದೊಂದೇ ಅಕ್ಷರ ಎತ್ತಿಟ್ಟಂತೆ ಹೇಳಿದಳು. "ಬರ್ತೀನಿ."

ಅವನ ಬೆರಳು ಗಾಳಿಯಲ್ಲಿ ಒಂದು ಸುತ್ತು ಸುತ್ತಿತು.

"ಇನ್ನೊಂದು ಸಲ ಹೇಳು."

ಬೇರೆಯವರು ಕೇಳಿದ್ದರೆ ಅವಳ ಎದೆ ಒಡೆಯುತ್ತಿತ್ತು. ಈಗ ಒಡೆಯಲಿಲ್ಲ.

"ಬರ್ತೀನಿ... ತಿಳೀಲಿಲ್ವಾ?"

"ಮೊದಲನೇ ಸಲಾನೇ ತಿಳೀತು."

"ಮತ್ಯಾಕೆ ಕೇಳ್ದೆ?"

"ಎಷ್ಟು ದಿನ ಆಗಿತ್ತು... ಇನ್ನೊಂದು ಸಲ ಹೇಳು."