ಹಲಗೆಯ ಮೇಲಿನ ಪತಂಗ

"ನಮ್ಮಣ್ಣನ್ನ ಉಳಿಸಿ ಮೇಡಂ. ಅಪ್ಪನ್ನ ಅವನೇ ಕೊಂದ ಅಂತ ಪೊಲೀಸರು ಹಿಡ್ಕೊಂಡು ಹೋದ್ರು."

ನರ್ಸಮ್ಮ ಸಮವಸ್ತ್ರದಲ್ಲೇ ಓಡಿಬಂದಿದ್ದಳು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದರೆ ತಂದೆ ತಲೆಯೊಡೆದು ಬಿದ್ದಿದ್ದರಂತೆ. ಸಂಜೆ ಅಪ್ಪ ಮಗ ಕಿತ್ತಾಡಿದ್ದು ಬೀದಿಗೆಲ್ಲ ಕೇಳಿತ್ತು. ಬಾಗಿಲಲ್ಲಿದ್ದ ಡ್ರೈವರ್ ಗಾಬರಿಯಿಂದ ಅವಳಿಗೆ ಕುರ್ಚಿ ಎಳೆದುಕೊಟ್ಟ. ವಕೀಲಿ ಬಿಟ್ಟು ಪತ್ತೇದಾರಿಗಿಳಿದ ಅವನ ಯಜಮಾನಿ ವಕೀಲಮ್ಮ ಮಾತ್ರ ತಣ್ಣಗೆ, "ಗಾಡಿ ತೆಗಿಯಪ್ಪ" ಎಂದರು.

ನರ್ಸಮ್ಮನ ಮನೆಯಿಂದ ಪೊಲೀಸರು ಶವ ಸಾಗಿಸಿದ್ದರು, ಬೇರೇನನ್ನೂ ಮುಟ್ಟಿರಲಿಲ್ಲ. ಕೋಣೆಯ ತುಂಬ ನುಸಿಗುಳಿಗೆಯ ವಾಸನೆ. ಸತ್ತ ಮುದುಕರು ಆಯುಷ್ಯವಿಡೀ ಬೆನ್ನುಹತ್ತಿದ್ದು ಹುಲ್ಲುಗಾವಲಿನ ಒಂದೇ ಕುಲದ ಪತಂಗಗಳನ್ನು. ಒಣಹುಲ್ಲಿನ ಬಣ್ಣ, ರೆಕ್ಕೆ ಸುತ್ತಿ ಕಡ್ಡಿಗಂಟಿ ಕೂತರೆ ಮೂಗಿನೆದುರಿದ್ದರೂ ಕಾಣದು. ಇಂಥದಕ್ಕೂ ಜನ ಜೀವ ತೇಯುತ್ತಾರಲ್ಲ ಎಂದು ಡ್ರೈವರ್ ಗೊಣಗಿಕೊಂಡ.

ಮೇಜಿನ ಮೇಲಿಟ್ಟ ಪುಟ್ಟ ಹಲಗೆಯಲ್ಲಿ ಒಂದು ಪತಂಗ. ಒಣಗಲೆಂದು ರೆಕ್ಕೆ ಅಚ್ಚುಕಟ್ಟಾಗಿ ಬಿಡಿಸಿ, ಕಾಗದದ ಪಟ್ಟಿಯಿಟ್ಟು ಸೂಜಿ ಚುಚ್ಚಲಾಗಿತ್ತು.

"ಇದು ಯಾವಾಗ ಸಿಕ್ತಮ್ಮ?" ಎಂದು ವಕೀಲಮ್ಮ ನರ್ಸಮ್ಮನನ್ನು ಕೇಳಿದರು.

"ನಿನ್ನೆ ಮಧ್ಯಾಹ್ನ. ಹೊಸ ಜಾತಿ ಅಂತ ಅಪ್ಪ ಕುಣಿದಾಡ್ತಿದ್ರು. ನಾನು ಡ್ಯೂಟಿಗೆ ಹೊರಟಾಗ ಇನ್ನೂ ಬಾಟಲಿಯಲ್ಲೇ ಇತ್ತು."

"ರೆಕ್ಕೆ ಬಿಡಿಸಿದ್ದು ಅವರೇನಾ?"

"ಅವರ ಕೈ ನಡುಗುತ್ತೆ ಮೇಡಂ. ಆ ಕೆಲಸವೆಲ್ಲ ನಮ್ಮೆಜಮಾನ್ರದ್ದೇ. ಅವರು ನಿನ್ನೆ ಬೆಳಿಗ್ಗೆನೇ ಪರ ಊರಿಗೆ ಹೋಗಿದ್ರು, ಈಗಷ್ಟೇ ಬಂದ್ರು."

"ನಿಮ್ಮಣ್ಣ?"

"ಅವನಿಗೆ ಈ ಹುಳಗಳನ್ನ ಕಂಡ್ರೇ ಆಗಲ್ಲ. ಅಪ್ಪ ನಮ್ಮನ್ನ ಬಿಟ್ಟು ಇವನ್ನೇ ಸಾಕಿದ್ರು ಅಂತಾನೆ."

ವಕೀಲಮ್ಮ ಹಲಗೆಯನ್ನು ಮೆಲ್ಲಗೆ ಎತ್ತಿ ಡ್ರೈವರ್‌ಗೆ ತೋರಿಸಿದರು. ಅಡಿಯಲ್ಲಿ, ಮೇಜಿನ ಮೇಲೆ, ಒಣಗಿದ ರಕ್ತದ ಹನಿಗಳಿದ್ದವು. ಹಲಗೆಯ ಮೇಲ್ಭಾಗ ಮಾತ್ರ ಶುಭ್ರವಾಗಿತ್ತು.

ಮಧ್ಯಾಹ್ನ ಅದೇ ಕೋಣೆಗೆ ಎಲ್ಲರನ್ನೂ ಸೇರಿಸಿದರು. ಇನ್ಸ್‌ಪೆಕ್ಟರ್, ಬೇಡಿ ತೊಟ್ಟ ಅಣ್ಣ, ನರ್ಸಮ್ಮ, ಅವಳ ಗಂಡ.

"ರಕ್ತ ಚಿಮ್ಮಿದಾಗ ಈ ಹಲಗೆ ಇಲ್ಲಿರಲಿಲ್ಲ," ಎಂದರು ವಕೀಲಮ್ಮ. "ಅಂದ್ರೆ ಪತಂಗಕ್ಕೆ ಸೂಜಿ ಚುಚ್ಚಿದ್ದು ಕೊಲೆ ಆದ್ಮೇಲೆ. ಸತ್ತವರು ಚುಚ್ಚಲ್ಲ. ಹುಳ ಕಂಡ್ರಾಗದ ಇವರಣ್ಣನಿಗೆ ಬರಲ್ಲ. ಈ ಮನೇಲಿ ಆ ಕೈ ಇರೋದು ಒಬ್ಬರಿಗೇ. ಊರಲ್ಲೇ ಇರಲಿಲ್ಲ ಅಂದ್ರಲ್ಲ ಅಳಿಯಂದಿರೇ, ಮತ್ತೆ ಇದನ್ನ ಬಿಡಿಸಿದ್ದು ಯಾರು?"

"ಇಷ್ಟು ವರ್ಷ ನಾನೂ ದುಡಿದೆ," ಎಂದ ಅಳಿಯ. "ಒಂದು ಹೊಸ ಜಾತಿಗಾದ್ರೂ ನನ್ನ ಹೆಸರು ಸೇರಿಸಿ ಅಂತ ಕೇಳ್ಕೊಂಡೆ. ನಕ್ಕುಬಿಟ್ರು. ಬಾಟಲಿಯಲ್ಲಿ ಅದು ಆಗ್ಲೇ ಸತ್ತಿತ್ತು. ಹಾಗೇ ಬಿಟ್ಟಿದ್ರೆ ಸೆಟೆದು ಹಾಳಾಗ್ತಿತ್ತು."

ನರ್ಸಮ್ಮ ಗಂಡನನ್ನೇ ನೋಡುತ್ತ ನಿಂತಿದ್ದಳು. "ಅಪ್ಪ ಕೆಳಗೆ ಬಿದ್ದಿದ್ರು. ನೀವು ಇಲ್ಲಿ ಕೂತ್ಕೊಂಡು ಇದರ ರೆಕ್ಕೆ ಸರಿ ಮಾಡ್ತಿದ್ರಾ?"

ಇನ್ಸ್‌ಪೆಕ್ಟರ್ ಅಣ್ಣನ ಬೇಡಿ ಬಿಚ್ಚಿ ಅಳಿಯನಿಗೆ ತೊಡಿಸಿದರು. ಬಾಗಿಲು ದಾಟುವಾಗ ಅವನು ತಿರುಗಿದ್ದು ಹೆಂಡತಿಯ ಕಡೆಗಲ್ಲ, ಮೇಜಿನ ಕಡೆಗೆ.

"ಒಣಗೋವರೆಗೂ ಅದನ್ನ ಯಾರೂ ಮುಟ್ಟಬೇಡಿ," ಎಂದ.