ಮಂಗಳವಾರದ ಕಸದ ಬುಟ್ಟಿ

ಗುರುವಾರ ಮಧ್ಯಾಹ್ನ ಊಟ ಮುಗಿಸಿ ತಟ್ಟೆ ಎತ್ತುವ ಹೊತ್ತಿಗೆ ಬಾಗಿಲು ಬಡಿದವಳು ಮೇಲಿನ ಮನೆಯ ಚಿಕ್ಕ ಸೊಸೆ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಬಾಗಿಲು ತೆರೆದ ಟೀಚರ್ ಮುಖದ ಮುಂದೆ ಫೋನು ಹಿಡಿದು, "ಲ್ಯಾಬ್ ಅತ್ತಿಗೆ ಇದ್ದಾರಾ? ನನ್ನ ಮಾನ ಬೀದಿಪಾಲಾಯ್ತು" ಎಂದಳು.

ಫೋನಿನಲ್ಲಿದ್ದದ್ದು ಒಂದು ಕಸದ ಬುಟ್ಟಿಯ ಫೋಟೋ. ಹಸಿರು ಪ್ಲಾಸ್ಟಿಕ್ ಬುಟ್ಟಿ, ಅದರ ತುಂಬ ತಿನ್ನುವ ಪದಾರ್ಥ. ತಳದಲ್ಲಿ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ನಾಲ್ಕಾರು ಕ್ಯಾರೆಟ್, ಅಗಲವಾದ ಎಲೆಕೋಸಿನ ಎಲೆಯ ಮೇಲೆ ಒಂದು ಗುಪ್ಪೆ ಬೆಂದ ಕಾಳು, ಎಲ್ಲಕ್ಕಿಂತ ಮೇಲೆ ಏಳೆಂಟು ಹೋಳು ಬ್ರೆಡ್ಡು. ಫೋಟೋದ ಅಡಿಯಲ್ಲಿ ಒಂದು ಸಾಲು: "ಉಳಿದದ್ದನ್ನು ಬಿಸಾಡಬೇಡಿ ಅಂತ ಊರಿಗೆಲ್ಲ ಹೇಳುವವಳ ಮನೆಯ ಬುಟ್ಟಿ ನೋಡಿ."

ಅದನ್ನು ನೋಡಿದ ಕ್ಷಣ ಟೀಚರ್ ಎದೆಯೊಳಗೆ ಏನೋ ತಣ್ಣಗಾಯಿತು. ತಕ್ಷಣ ನಾಚಿಕೆಯೂ ಆಯಿತು. "ಅಯ್ಯೋ, ಒಳಗೆ ಬಾ ತಾಯಿ" ಎಂದು ದನಿ ಮೆತ್ತಗೆ ಮಾಡಿಕೊಂಡರು.

ತಣ್ಣಗಾಗಲು ಕಾರಣವಿತ್ತು. ಲ್ಯಾಬ್ ಅತ್ತಿಗೆ ಎಂದರೆ ಟೀಚರ್ ಗಂಡನ ಅಕ್ಕ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು, ಕಣ್ಣು ಮಾತ್ರ ಸೂಜಿಯಂತಿತ್ತು. ಕಟ್ಟಡದಲ್ಲಿ ಏನು ಕಳೆದುಹೋದರೂ, ಯಾರು ಯಾರ ಮೇಲೆ ಗುಮಾನಿಪಟ್ಟರೂ ಪಂಚಾಯಿತಿ ಬರುವುದು ಈ ನೆಲಮಹಡಿಯ ಮನೆಗೆ. ಗಂಡ ತೀರಿಕೊಂಡ ಮೇಲೆ ಇಲ್ಲಿಗೇ ಬಂದು ನೆಲೆಸಿದ ಟೀಚರ್ ಹನ್ನೆರಡು ವರ್ಷದಿಂದ ಎರಡು ಹೊತ್ತೂ ಬೇಯಿಸಿ ಬಡಿಸುತ್ತಿದ್ದರು. ಅವರ ಅಡುಗೆಯ ಬಗ್ಗೆ ಅತ್ತಿಗೆಯ ಬಾಯಿಂದ ಬಂದಿದ್ದು ಒಂದೇ ಮಾತು: "ಉಪ್ಪು ಸ್ವಲ್ಪ ಮುಂದಾಯ್ತು." ಅದೇ ಭಾನುವಾರದ ಪತ್ರಿಕೆ ಬಂದರೆ ಅತ್ತಿಗೆ ಮೊದಲು ಬಿಡಿಸುವುದು ಮೇಲಿನ ಮನೆಯ ಚಿಕ್ಕ ಸೊಸೆ ಬರೆಯುವ "ನಿನ್ನೆ ಉಳಿದದ್ದು" ಅಂಕಣ. ಒಣಗಿದ ಬ್ರೆಡ್ಡು, ಮಿಕ್ಕ ಅನ್ನ, ಬಾಡಿದ ಸೊಪ್ಪು, ಯಾವುದನ್ನೂ ಬಿಸಾಡದೆ ಮತ್ತೆ ಊಟಕ್ಕೆ ತರುವುದು ಹೇಗೆ ಎಂದು ಅವಳು ಬರೆದರೆ, "ಎಂಥಾ ಕೈ, ಎಂಥಾ ತಲೆ!" ಎಂದು ಅತ್ತಿಗೆ ಇಡೀ ವಾರ ಹೊಗಳುತ್ತಿದ್ದರು. ಟೀಚರ್ ಆ ಹೊಗಳಿಕೆಯನ್ನು ಕಹಿ ಮಾತ್ರೆಯ ಹಾಗೆ ನುಂಗುತ್ತಿದ್ದರು.

ಚಿಕ್ಕ ಸೊಸೆ ನೀರು ಕುಡಿದು ಹೇಳಿದಳು. "ಫೋಟೋ ಪತ್ರಿಕೆಗೆ ಹೋಗಿರೋದು ನಮ್ಮನೆ ಫೋನಿಂದಾನೇ. ಹಾಡು ಕೇಳೋಕೆ ಅಡುಗೆಮನೆ ಶೆಲ್ಫ್ ಮೇಲೆ ಒಂದು ಹಳೇ ಫೋನ್ ಇದೆಯಲ್ಲ, ಅದರಿಂದ. ಮಂಗಳವಾರ ಸಂಜೆ. ನಾಳೆ ಬಂದು ವಿವರಣೆ ಕೊಡಿ, ಇಲ್ಲಾಂದ್ರೆ ಅಂಕಣ ನಿಲ್ಲಿಸ್ತೀವಿ ಅಂತ ಸಂಪಾದಕಿ ಹೇಳಿದ್ದಾರೆ."

"ಮಂಗಳವಾರ ನೀನೆಲ್ಲಿದ್ದೆ?" ಎಂದರು ಊಟದ ಮೇಜಿನ ಬಳಿಯಿಂದ ಎಲ್ಲ ನೋಡುತ್ತಿದ್ದ ಲ್ಯಾಬ್ ಅತ್ತಿಗೆ.

"ಬರಹ ಕೊಡೋಕೆ ಪತ್ರಿಕೆ ಕಚೇರಿಗೆ ಹೋಗಿದ್ದೆ. ಪ್ರತಿ ಮಂಗಳವಾರ ಹೋಗ್ತೀನಿ. ಬರೋದು ಎಂಟಾಯ್ತು. ಮನೇಲಿ ಅತ್ತೆ, ಇವರು, ಓರಗಿತ್ತಿ ಮೂರೇ ಜನ. ಭಾವ ಹಡಗಿನ ಕೆಲಸದಲ್ಲಿದ್ದಾರೆ, ಊರಲ್ಲಿಲ್ಲ." ಅವಳು ದನಿ ತಗ್ಗಿಸಿದಳು. "ನನ್ನ ಕೇಳಿದ್ರೆ ಇದು ಓರಗಿತ್ತಿ ಕೆಲಸಾನೇ. ನನ್ನ ಹೆಸರು ಪತ್ರಿಕೇಲಿ ಬಂದಾಗಿಂದ ಅವಳಿಗೆ ನನ್ನ ಕಂಡ್ರೆ ಮೈಯೆಲ್ಲಾ ಉರಿ."

ಅತ್ತಿಗೆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಬುಟ್ಟಿಯ ಅಂಚಿನಲ್ಲಿ ಒಂದು ಕಡೆ ಬೆರಳು ನಿಲ್ಲಿಸಿ, "ಟೀಚರ್, ಇದೇನು ಕಾಣುತ್ತೆ?" ಎಂದರು.

"ಬಿಳಿ ಬಟ್ಟೆ ತುದಿ ಇದ್ದ ಹಾಗಿದೆ. ನೀಲಿ ಗೆರೆ ಇದೆ."

"ಸರಿ, ಮೇಲೆ ಹೋಗಿ ಬರೋಣ."

ಮೇಲಿನ ಮನೆಯ ಅಡುಗೆಮನೆ ಕನ್ನಡಿಯ ಹಾಗಿತ್ತು. ಸಿಂಕಿನ ಕೆಳಗೆ ಅದೇ ಹಸಿರು ಬುಟ್ಟಿ. ಕಿಟಕಿಯ ತಂತಿಯಲ್ಲಿ ಒಗೆದು ಹರವಿದ್ದ ಎರಡು ಪಾತ್ರೆ ಒರೆಸುವ ಬಟ್ಟೆಗಳು, ಬಿಳಿ, ನೀಲಿ ಗೆರೆಯವು. ಮನೆಯ ಹಿರಿಯರು, ಕಟ್ಟಡವೆಲ್ಲ ಅಜ್ಜಿ ಎಂದು ಕರೆಯುವಾಕೆ, ನೆಲದ ಮೇಲೆ ಕೂತು ಸೊಪ್ಪಿನ ದಂಟಿನ ನಾರು ತೆಗೆಯುತ್ತಿದ್ದರು. ಎಲೆ ಒಂದು ಕಡೆ, ದಂಟು ಒಂದು ಕಡೆ. ಬಿಸಾಡಲು ಉಳಿದದ್ದು ಒಂದು ಚಿಟಿಕೆ ನಾರು. ದೊಡ್ಡ ಸೊಸೆ ಹೊಲಿಗೆ ಯಂತ್ರ ಬಿಟ್ಟು ಬಂದು ಆಲೂಗಡ್ಡೆ ಹೆರೆಯತೊಡಗಿದಳು. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೇ ಹೋಗುತ್ತಿತ್ತು. ಅಜ್ಜಿ ಆ ಸಿಪ್ಪೆಯನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡರು. ಚಿಕ್ಕ ಮಗ, ಬಸ್ಸಿನ ಡ್ರೈವರು, ಆಗಷ್ಟೇ ಉಂಡು ಎದ್ದಿದ್ದ; ತಟ್ಟೆಯಲ್ಲಿ ಮೂರು ತುತ್ತು ಹಾಗೇ ಬಿದ್ದಿತ್ತು.

"ನನ್ನ ಮೇಲೇ ಅನುಮಾನ ಅಂತ ಗೊತ್ತು" ಎಂದು ದೊಡ್ಡ ಸೊಸೆ ಮೊದಲೇ ಸಿಡಿದಳು. "ಹೌದು, ನಂಗೆ ಹೊಟ್ಟೆಕಿಚ್ಚೇ. ಅವಳನ್ನ ನೋಡೋಕೆ ಬಂದೋರಿಗೆಲ್ಲ ಟೀ ಮಾಡಿಕೊಡೋಳು ನಾನು. ಆದ್ರೆ ನನ್ನ ಹೊಟ್ಟೆಕಿಚ್ಚು ಬಾಯಲ್ಲೇ ಬರುತ್ತೆ, ಕಳ್ಳದಾರೀಲಿ ಬರಲ್ಲ."

ಲ್ಯಾಬ್ ಅತ್ತಿಗೆ ನಕ್ಕರು. ಮೂವರಿಗೂ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಂಗಳವಾರ ರಾತ್ರಿ ಊಟಕ್ಕೆ ಏನಿತ್ತು?"

"ಸೂಪು" ಎಂದ ಡ್ರೈವರು. "ಮಂಗಳವಾರ ಅಮ್ಮಂದೇ ಅಡುಗೆ. ಗಟ್ಟಿ ಸೂಪು, ಎರಡು ಬಟ್ಟಲು ಬಾರಿಸಿದೆ. ಬೇಜಾರಾಗಬೇಡಿ, ಪತ್ರಿಕೇಲಿ ಬರೋದಕ್ಕಿಂತ ಚೆನ್ನಾಗಿತ್ತು."

"ಆಲೂಗಡ್ಡೆ, ಕ್ಯಾರೆಟ್ಟು, ಎಲೆಕೋಸು, ಕಾಳು ಎಲ್ಲ ಹಾಕಿ ಕುದಿಸಿದ್ರು. ಮೇಲೆ ಹುರಿದ ಬ್ರೆಡ್ ಚೂರು" ಎಂದಳು ದೊಡ್ಡ ಸೊಸೆ.

ಅಜ್ಜಿ ದಂಟಿನಿಂದ ಕಣ್ಣೆತ್ತಲಿಲ್ಲ. "ನೆನಪಿಲ್ಲಮ್ಮ. ವಯಸ್ಸಾಯ್ತು."

"ಆ ಫೋನು ಬಳಸೋಕೆ ಬರುತ್ತಾ ಅಜ್ಜಿ?"

"ನಂಗೆಲ್ಲಿ? ಯಾರಾದ್ರೂ ಕರೆದ್ರೆ ಹಸಿರು ಗುಂಡಿ ಒತ್ತೋದು ಅಷ್ಟೇ."

ಇಳಿಯುವಾಗ ಮೆಟ್ಟಿಲು ಗುಡಿಸುವಾಕೆ ಸಿಕ್ಕಳು. ಪ್ರತಿದಿನ ಬೆಳಿಗ್ಗೆ ಮನೆಮನೆಯ ಬುಟ್ಟಿ ಖಾಲಿ ಮಾಡುವವಳು ಅವಳೇ. "ಬುಧವಾರ ಮೇಲಿನ ಮನೆ ಬುಟ್ಟಿ ಭಾರ ಇತ್ತಾ?" ಎಂದು ಅತ್ತಿಗೆ ಕೇಳಿದರು.

"ಆ ಮನೇದಾ? ಯಾವತ್ತೂ ಹಗುರ. ಅವತ್ತು ಟೀ ಚರಟ, ಮೊಟ್ಟೆ ಚಿಪ್ಪು, ಅಷ್ಟೇ. ಎಲ್ಲಾ ಮನೆಯೋರೂ ಹೀಗಿದ್ದಿದ್ರೆ ನನ್ನ ಸೊಂಟ ಉಳೀತಿತ್ತು."

ಮನೆಗೆ ಬಂದ ಮೇಲೆ ಅತ್ತಿಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. "ಯಾರು ಅಂತ ತಿಳೀತು. ಯಾಕೆ ಅನ್ನೋದು ಮಾತ್ರ ಲ್ಯಾಬಿನ ತಲೆಗೆ ಹತ್ತೋದಿಲ್ಲ. ಅದನ್ನ ನೀನು ಹೇಳ್ಬೇಕು."

"ನಾನಾ? ನಂಗೇನು ಗೊತ್ತು ಅತ್ತಿಗೆ?"

"ಮಧ್ಯಾಹ್ನ ಫೋಟೋ ನೋಡ್ದಾಗ ನಿನ್ನ ಮುಖ ನಾನು ನೋಡಿದೆ" ಎಂದರು ಅತ್ತಿಗೆ. ಟೀಚರ್ ಕಿವಿಯವರೆಗೂ ಬಿಸಿಯಾದರು. ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು. ಕೈ ನೀರಿನಲ್ಲಿದ್ದಾಗಲೇ ಅವರಿಗೆ ಸೊಪ್ಪಿನ ದಂಟಿನ ಮುಂದೆ ತಲೆ ತಗ್ಗಿಸಿ ಕೂತಿದ್ದ ಅಜ್ಜಿ ಕಣ್ಣಿಗೆ ಬಂದರು. ಆ ತಗ್ಗಿಸಿದ ತಲೆಯ ಅರ್ಥ ಅವರಿಗಲ್ಲದೆ ಇನ್ಯಾರಿಗೆ ತಿಳಿಯಬೇಕು?

ಸಂಜೆ ಆರಕ್ಕೆ ಮೇಲಿನ ಮನೆಯವರು ನಾಲ್ವರೂ ನೆಲಮಹಡಿಯ ಹಾಲಿನಲ್ಲಿ ಸೇರಿದರು. ಚಿಕ್ಕ ಸೊಸೆ ಓರಗಿತ್ತಿಗೆ ಬೆನ್ನು ಹಾಕಿ ಕೂತಳು. ಲ್ಯಾಬ್ ಅತ್ತಿಗೆ ಫೋನನ್ನು ಮೇಜಿನ ಮೇಲಿಟ್ಟರು.

"ಎಲ್ಲರೂ ನೋಡಿ. ಬೇಡದ್ದನ್ನ ಬಿಸಾಡೋರು ಹೇಗೆ ಬಿಸಾಡ್ತಾರೆ? ದಬಕ್ ಅಂತ ಸುರೀತಾರೆ. ಇಲ್ಲಿ ಕಾಳು ಚೆಲ್ಲಿಲ್ಲ, ಎಲೆಕೋಸಿನ ಎಲೆಯನ್ನ ಬಟ್ಟಲ ಹಾಗೆ ಮಾಡಿ ಅದರೊಳಗೆ ಇಟ್ಟಿದ್ದಾರೆ. ಭಾರದ ಆಲೂಗಡ್ಡೆ ಅಡೀಲಿ, ಬ್ರೆಡ್ಡು ಮೇಲೆ, ಅಪ್ಪಚ್ಚಿ ಆಗದ ಹಾಗೆ, ಒದ್ದೆ ತಾಗದ ಹಾಗೆ. ಅಂಚಲ್ಲಿ ನೀಲಿ ಗೆರೆಯ ಬಟ್ಟೆ. ಅಂದ್ರೆ ಬುಟ್ಟಿ ತೊಳೆದು, ಒಳಗೆ ಒಗೆದ ಬಟ್ಟೆ ಹಾಸಿ, ಆಮೇಲೆ ಇದನ್ನೆಲ್ಲ ಜೋಡಿಸಿದ್ದಾರೆ. ಇದು ಬಿಸಾಡಿದ್ದಲ್ಲ. ಫೋಟೋ ತೆಗೆಯೋವರೆಗೆ ಇಟ್ಟಿದ್ದು."

"ಹಾಗಾದ್ರೆ ಆಮೇಲೆ ಎಲ್ಲಿ ಹೋಯ್ತು?" ಎಂದ ಡ್ರೈವರು.

"ನಿನ್ನ ಹೊಟ್ಟೆಗೆ. ಎರಡು ಬಟ್ಟಲು."

ಡ್ರೈವರು ತನ್ನ ಹೊಟ್ಟೆಯನ್ನೇ ಒಮ್ಮೆ ನೋಡಿಕೊಂಡ.

"ಬುಧವಾರದ ಬುಟ್ಟೀಲಿ ಟೀ ಚರಟ, ಮೊಟ್ಟೆ ಚಿಪ್ಪು ಬಿಟ್ಟು ಏನೂ ಇರಲಿಲ್ಲ. ಆಲೂಗಡ್ಡೆ, ಕ್ಯಾರೆಟ್ಟು, ಎಲೆಕೋಸು, ಕಾಳು, ಬ್ರೆಡ್ಡು ಎಲ್ಲ ಸೂಪಲ್ಲಿತ್ತು. ಬೇರೆ ಯಾರೋ ಬಿಸಾಡಿದ್ದನ್ನ ಅಜ್ಜಿ ಎತ್ತಿ ಉಳಿಸಿರಬಹುದಲ್ಲಾ ಅಂತ ನಾನೂ ಯೋಚಿಸಿದೆ. ಆದ್ರೆ ಒಂದು ಹೋಳು ಬ್ರೆಡ್ಡು ಬುಟ್ಟಿಗೆ ಬಿದ್ದಿದ್ರೆ ಅಜ್ಜಿ ಮನೆ ತಲೆ ಮೇಲೆ ಹೊತ್ಕೊಳ್ತಿರಲಿಲ್ವಾ? ಅವತ್ತು ತುಟಿ ಪಿಟಕ್ ಅನ್ನಲಿಲ್ಲ. ಇಷ್ಟು ಹುಷಾರಾಗಿ ಜೋಡಿಸೋ ಕೈ ನಿಮ್ಮ ಮನೇಲಿ ಎರಡೇ. ಒಂದು ಆ ಹೊತ್ತಲ್ಲಿ ಪತ್ರಿಕೆ ಕಚೇರೀಲಿತ್ತು. ಫೋನು ಬರಲ್ಲ ಅನ್ನೋ ಅಜ್ಜಿ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಟೀಚರ್‌ಗೆ ಹೂವಿನ ಫೋಟೋ ಹಾಕಿ ಶುಭೋದಯ ಅಂತ ಕಳಿಸ್ತಾರೆ. ಅದೇ ಫೋನಿಂದ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಅತ್ತೆ... ನೀವಾ? ಯಾಕೆ?" ಎಂದಳು ಚಿಕ್ಕ ಸೊಸೆ.

ಅಜ್ಜಿ ಸೆರಗಿನ ತುದಿ ಹಿಂಡುತ್ತಿದ್ದರು. ಲ್ಯಾಬ್ ಅತ್ತಿಗೆ ತಿರುಗಿ ಟೀಚರ್ ಕಡೆ ನೋಡಿದರು. ಟೀಚರ್ ಮೂವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳಿದವರು. ಈಗ ಐದು ಜನರ ಮುಂದೆ ಮಾತು ಶುರುಮಾಡುವ ಮೊದಲು ಸೆರಗು ಎರಡು ಸಲ ಸರಿಮಾಡಿಕೊಂಡರು.

"ದಂಟಿನ ನಾರು ತೆಗೆಯೋದು, ಸಿಪ್ಪೆ ಬೇಯಿಸೋದು, ಒಣ ಬ್ರೆಡ್ಡು ಪುಡಿ ಮಾಡಿ ಇಡೋದು, ಇದನ್ನೆಲ್ಲ ಯಾರಿಂದ ಕಲಿತೆ ಮಗಳೇ?" ಎಂದರು ಟೀಚರ್. "ಇವರು ಐವತ್ತು ವರ್ಷ ಮಾಡಿದಾಗ ಅದು ಬರೀ ಅಡುಗೆ. ನೀನು ಒಂದು ವರ್ಷ ಬರೆದಾಗ ಅದು ಜಾಣತನ. ಐವತ್ತೆರಡು ಅಂಕಣ ಬಂತು. ಒಂದರಲ್ಲಾದ್ರೂ 'ನಮ್ಮತ್ತೆ' ಅನ್ನೋ ಪದ ಇದೆಯಾ? ನಾನು ಒಂದೂ ಬಿಡದೆ ಓದಿದೀನಿ. ತಪ್ಪು ಸಿಗುತ್ತಾ ಅಂತಾನೇ ಓದ್ತಿದ್ದೆ." ಸ್ವಲ್ಪ ತಡೆದು ಸೇರಿಸಿದರು: "ಪಕ್ಕದಲ್ಲಿ ಕೂತೋರನ್ನ ಯಾರೂ ನೋಡದೆ ಇದ್ರೆ ಹೀಗೆಲ್ಲ ಆಗುತ್ತೆ. ನಂಗೂ ಆಗಿದೆ."

ಲ್ಯಾಬ್ ಅತ್ತಿಗೆ ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಅಜ್ಜಿ ಸೆರಗು ಬಿಟ್ಟು ತಲೆಯೆತ್ತಿದರು. "ಹೋದ ಭಾನುವಾರ ಎದುರುಮನೆಯೋಳು ಬಂದು, 'ನಿಮ್ಮ ಸೊಸೆ ಹತ್ರ ನೀವೂ ಸ್ವಲ್ಪ ಕಲಿತ್ಕೊಳ್ಳಿ ಅಜ್ಜಿ' ಅಂದ್ಲು. ನನ್ನ ದಂಟು, ನನ್ನ ಸಿಪ್ಪೆ! ನಾನು ಕಲಿಬೇಕಂತೆ! ಅವತ್ತಿಂದ ನಂಗೆ ಊಟ ಇಳೀಲಿಲ್ಲ. ಇವಳನ್ನ ಒಂದ್ಸಲ ಎಲ್ಲರೂ ಬೈಬೇಕು ಅನ್ನಿಸ್ತು. ಬುಟ್ಟಿಗೆ ಹಾಕೋವಾಗ ಮಾತ್ರ ಕೈ ಬರಲಿಲ್ಲ. ಅದಕ್ಕೇ ಬಟ್ಟೆ ಹಾಸಿದೆ."

ಚಿಕ್ಕ ಸೊಸೆ ಬಿಕ್ಕುತ್ತಾಳೆ ಎಂದುಕೊಂಡರು ಟೀಚರ್. ಅವಳು ಬಿಕ್ಕಲಿಲ್ಲ. ಗಂಡನ ಕಡೆ ಒಮ್ಮೆ ನೋಡಿ, ನೆಟ್ಟಗೆ ಕೂತು ಹೇಳಿದಳು. "ನಿಮ್ಮ ಹೆಸರು ನಾನು ಮರೆತು ಬಿಟ್ಟಿದ್ದಲ್ಲ ಅತ್ತೆ. ಬೇಕೂಂತಲೇ ಬಿಟ್ಟೆ. ಮದುವೆಯಾಗಿ ಒಂಬತ್ತು ವರ್ಷ, ನಾನು ಏನು ಮಾಡಿ ಬಡಿಸಿದ್ರೂ ಇವರು 'ಅಮ್ಮನ ಕೈ ರುಚಿ ಬರಲಿಲ್ಲ' ಅಂತಾರೆ. ಲ್ಯಾಬ್ ಅತ್ತಿಗೆ ಕೇಳಿದಾಗಲೂ ಅದನ್ನೇ ಅಂದಿರ್ತಾರೆ. ಒಂದು ಜಾಗದಲ್ಲಾದ್ರೂ ನಾನೊಬ್ಬಳೇ ಇರಬೇಕು ಅನ್ನಿಸ್ತು."

ಡ್ರೈವರು ನೆಲ ನೋಡಿದ. ದೊಡ್ಡ ಸೊಸೆ ಕೈಕಟ್ಟಿಕೊಂಡು, "ಬೆಳಿಗ್ಗೆಯಿಂದ ಬೈಗುಳ ತಿಂದೋಳು ನಾನು" ಎಂದು ಗೊಣಗಿದಳು. ಅಜ್ಜಿ ಅವಳ ಕೈ ಹಿಡಿದು, "ತಪ್ಪಾಯ್ತು ಕಣೇ" ಎಂದರು. ಚಿಕ್ಕ ಸೊಸೆಯೂ ಅದೇ ಮಾತು ಹೇಳಬೇಕಾಯಿತು. ಹೇಳುವಾಗ ಹಲ್ಲು ಕಚ್ಚಿಕೊಂಡೇ ಹೇಳಿದಳು.

"ನಾಳೆ ಕಚೇರಿಗೆ ನಾನೇ ಬಂದು ಹೇಳ್ತೀನಿ" ಎಂದರು ಅಜ್ಜಿ. "ಟೀಚರ್, ನೀವೂ ಬನ್ನಿ. ಅಲ್ಲಿ ಹೇಗೆ ಮಾತಾಡ್ಬೇಕು ಅಂತ ನಂಗೆ ತಿಳಿಯಲ್ಲ."

ಶುಕ್ರವಾರ ಬೆಳಿಗ್ಗೆ ಅಜ್ಜಿ, ಚಿಕ್ಕ ಸೊಸೆ, ಟೀಚರ್ ಮೂವರೂ ಪತ್ರಿಕೆ ಕಚೇರಿಗೆ ಹೋದರು. ಅಜ್ಜಿ ಒಂದಕ್ಷರ ಮುಚ್ಚಿಡದೆ ಹೇಳಿದರು. ಬಟ್ಟೆ ಹಾಸಿದ್ದು, ಕಾಳನ್ನು ಎಲೆಯಲ್ಲಿಟ್ಟಿದ್ದು, ಸೂಪು ಮಾಡಿದ್ದು ಎಲ್ಲ. ಸಂಪಾದಕಿ ಮೊದಲು ಹುಬ್ಬು ಗಂಟಿಕ್ಕಿಕೊಂಡು ಕೇಳಿದಳು, ಸೂಪಿನ ಹೊತ್ತಿಗೆ ಪೆನ್ನು ಕೈಗೆತ್ತಿಕೊಂಡಿದ್ದಳು. ಕೊನೆಗೆ ಮೇಜಿನ ಮೇಲೆ ಬಗ್ಗಿ, "ಅಜ್ಜಿ, ಇನ್ಮೇಲೆ ಈ ಅಂಕಣ ನೀವೇ ಯಾಕೆ ಬರೀಬಾರದು?" ಎಂದಳು.

ಟೀಚರ್ ಚಿಕ್ಕ ಸೊಸೆಯ ಮುಖ ನೋಡಿದರು. ತುಟಿಯಲ್ಲಿ ನಗು ಹಾಗೇ ನಿಂತಿತ್ತು, ಬಣ್ಣ ಇಳಿದುಹೋಗಿತ್ತು. ಅಜ್ಜಿಯೂ ಆ ಮುಖ ನೋಡಿದರು. ಒಂದು ವರ್ಷದಿಂದ ಅದೇ ಮುಖ ಹೊತ್ತು ಓಡಾಡಿದವರು ಅವರು.

"ನಂಗೆ ಬರೆಯೋಕೆ ಬರಲ್ಲಮ್ಮ" ಎಂದರು ಅಜ್ಜಿ ನಿಧಾನವಾಗಿ. "ಇವಳೇ ಬರೀಲಿ. ಚೆನ್ನಾಗಿ ಬರೀತಾಳೆ, ಸುಳ್ಳು ಹೇಳ್ಬಾರದು. ಆದ್ರೆ ಕೊಡೋಕೆ ಮುಂಚೆ ನಂಗೆ ಓದಿ ಹೇಳ್ಬೇಕು. ತಪ್ಪಿದ್ರೆ ತಿದ್ತೀನಿ. ಹೆಸರು ಇಬ್ಬರದೂ ಇರಬೇಕು."

ಗೋಡೆಯ ಫ್ಯಾನು ಎರಡು ಸುತ್ತು ಈ ಕಡೆ ಆ ಕಡೆ ತಿರುಗಿತು. ಆಮೇಲೆ ಚಿಕ್ಕ ಸೊಸೆ, "ಹೂಂ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಒಂದು ತುದಿಗೆ, ಸೊಸೆ ಇನ್ನೊಂದು ತುದಿಗೆ, ನಡುವೆ ಟೀಚರ್. ಎರಡು ಸ್ಟಾಪು ದಾಟಿದವು.

"ಟೀಚರ್, ಅವಳಿಗೆ ಹೇಳಿ" ಎಂದರು ಅಜ್ಜಿ ಕೊನೆಗೆ. "ಹೋದ ತಿಂಗಳು ಎಲೆಕೋಸಿನ ದಿಂಡನ್ನ ಹೆಚ್ಚಿ ಹುರಿಬೇಕು ಅಂತ ಬರೆದಿದ್ಲು. ಅದು ತಪ್ಪು. ದಿಂಡನ್ನ ತುರೀಬೇಕು."

"ಟೀಚರ್, ಅತ್ತೆಗೆ ಹೇಳಿ, ತುರಿದ್ರೆ ನೀರು ಬಿಟ್ಕೊಳ್ಳುತ್ತೆ."

"ಉಪ್ಪು ಮೊದಲೇ ಹಾಕಿದ್ರೆ ಬಿಡದೆ ಇರುತ್ತಾ? ಕೊನೇಲಿ ಹಾಕ್ಬೇಕು!"

"ಕೊನೇಲಿ ಹಾಕಿದ್ರೆ ಉಪ್ಪು ಹಿಡಿಯಲ್ಲ ಅತ್ತೆ!"

ಇಬ್ಬರೂ ಒಬ್ಬರ ಮೇಲೊಬ್ಬರು ಬಗ್ಗಿ, ಕೈ ಆಡಿಸಿ ವಾದ ಮಾಡತೊಡಗಿದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಡುವೆ ಸಿಕ್ಕಿದ್ದ ಟೀಚರ್ ಚೀಲ ಎತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದರು. ಅವರು ಎದ್ದದ್ದು ಇಬ್ಬರಿಗೂ ತಿಳಿಯಲಿಲ್ಲ.